ಹಾಳಿ ನೋಡಿ ಓದೋದೂ ನಟನೆನಾ?

ಬಳ್ಳಾರಿಯಲ್ಲಿ ನನ್ನ ಹತ್ತಿರ ನಾಟಕದ ತಾಲೀಮಿಗೆ ಬರುವ ಹುಡುಗರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಸರ್, ರೇಡಿಯೋ ನಾಟಕ ಅಂದ್ರ ಹಾಳಿ ನೋಡಿ ಓದೋದಲ್ರಿ? ಅದ್ರಾಗ ನಟನೆ ಎಲ್ಲಿ ಬಂತ್ರಿ?" ತಪ್ಪು ಅವರದಲ್ಲ. ಇದು ಹೆಸರಾಂತ ರಂಗನಟ ಬಳ್ಳಾರಿ ರಾಘವರ ಊರು. ರಂಗದ ಮೇಲೆ ನಿಂತು ಆಡಿದರೆ ಮಾತ್ರ ನಟ ಅನ್ನೋದು ಇಲ್ಲಿಯ ಲೆಕ್ಕ.

ನಾನು ಆಕಾಶವಾಣಿ ನಾಟಕಗಳಲ್ಲಿ ಪಾತ್ರ ಮಾಡಿದವನು. ಕೈಯಲ್ಲಿ ಹಾಳಿ ಇದ್ದರೂ ಕೇಳುವವರಿಗೆ ಅದು ಓದು ಅನ್ನಿಸಬಾರದು. ಕಷ್ಟ ಇರೋದೇ ಅಲ್ಲಿ. ಹಾಳಿಗಳಿಗೆ ಪಿನ್ ಹೊಡೆಯೋದಿಲ್ಲ. ಮುಗಿದ ಹಾಳಿಯನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಬೇಕು. ಸರಕ್ ಅಂತೋ, ನಾಟಕದ ಕಾಡು ಮಾಯವಾಗಿ ಸ್ಟುಡಿಯೋ ಕಾಣಿಸಿಬಿಡುತ್ತದೆ. ಪ, ಫ, ಭ ಬಂದಾಗ ಉಸಿರು ಮೈಕಿಗೆ ಬಡಿಯುತ್ತದೆ, ಬಾಯಿ ಚೂರು ಓರೆ ಮಾಡಬೇಕು. ಹೊರಗಿನಿಂದ ಬರುವ ಪಾತ್ರವಾದರೆ ದೂರದಲ್ಲೇ ಮಾತು ಶುರು ಮಾಡಿ, ಮಾತಾಡುತ್ತಲೇ ಮೈಕಿನ ಹತ್ತಿರ ಬರಬೇಕು. ಕಣ್ಣು ಮಾತ್ರ ಹಾಳಿಯ ಮೇಲೆ! ಪಕ್ಕದಲ್ಲಿ ಒಬ್ಬರು ತೆಂಗಿನ ಚಿಪ್ಪು ಕುಟ್ಟಿ ಕುದುರೆ ಓಡಿಸುತ್ತಿರುತ್ತಾರೆ, ಇನ್ನೊಬ್ಬರು ತಗಡು ಅಲ್ಲಾಡಿಸಿ ಗುಡುಗು ತರಿಸುತ್ತಾರೆ. ನಗು ಬಂದರೆ ಮುಗೀತು.

ಇದರಲ್ಲಿ ಜಾಸ್ತಿ ಒದ್ದಾಡಿದವರು ಕಂಪನಿ ನಾಟಕದ ಹಿರಿಯರು. ಕೊನೇ ಸಾಲಿಗೆ ಮುಟ್ಟಿಸಿ ಪಳಗಿದ ಗಂಟಲು ಅವರದು. ಸ್ಟುಡಿಯೋದಲ್ಲಿ ಅಷ್ಟು ದನಿ ತೆಗೆದರೆ ದನಿಯ ಮಟ್ಟ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತದೆ.

ಇನ್ನು ಟಿವಿ. ಹೇಳಿದರೆ ಸುಮಾರು ಜನ ನಂಬೋದಿಲ್ಲ, ರಾಯಚೂರು ಜಿಲ್ಲೆಯ ಹಳ್ಳಿಗಳು ಬೆಂಗಳೂರಿಗಿಂತ ಮೊದಲೇ ಟಿವಿ ನೋಡಿದವು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ಆ ಹಳ್ಳಿಗಳಿಗೆ 1975ರ ಆಗಸ್ಟ್‌ನಲ್ಲೇ ಸೈಟ್ ಬಂತು, ಅಂದರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ. ಆರು ರಾಜ್ಯಗಳ ಸುಮಾರು 2400 ಹಳ್ಳಿ, ನಮ್ಮ ರಾಜ್ಯದಿಂದ ರಾಯಚೂರು, ಗುಲ್ಬರ್ಗಾ, ಬಿಜಾಪುರ. ಉಪಗ್ರಹ ನಾಸಾದ್ದು, ಆಂಟೆನಾ ಮಾತ್ರ ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯದ್ದು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಒಂದು ವರ್ಷಕ್ಕೆ ಎಲ್ಲ ಮುಗೀತು.

ರೇಡಿಯೋದವರಿಗೆ ಟಿವಿ ಸುಲಭ ಇತ್ತಾ? ಇಲ್ಲ. ಹಾಳಿ ಹೋಯಿತು, ಮಾತು ಬಾಯಿಪಾಠ ಬೇಕು. ಮೈಕಿನ ಮುಂದೆ ಹುಬ್ಬು, ಬಾಯಿ ಎಲ್ಲಾ ಕುಣಿಸಿ ದನಿ ತೆಗೆಯುವ ರೂಢಿ ಇದ್ದವರು ಕ್ಯಾಮೆರಾ ಎದುರು ಅದನ್ನೆಲ್ಲ ಅದುಮಿಡಬೇಕಾಯಿತು. ಆದರೆ ಎಲ್ಲಿ ಮಾತು ನಿಲ್ಲಿಸಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಈಗಿನ ಧಾರಾವಾಹಿಗಳಲ್ಲಿ ನನಗೆ ಕಾಣದೇ ಇರೋದು ಅದೇ.

ರೇಡಿಯೋ ನಟರ ಹೊಟ್ಟೆಪಾಡು? ಆಕಾಶವಾಣಿಯ ಆಡಿಷನ್ ಪಾಸಾದರೆ ಒಂದು ಗ್ರೇಡು, ನಾಟಕ ಇದ್ದಾಗ ಕಾಂಟ್ರಾಕ್ಟ್ ಕಾಗದ, ಅಷ್ಟೇ. ನಿಲಯದ ಕಾಯಂ ಕಲಾವಿದರ ಮಾತು ಬೇರೆ. ಉಳಿದವರು ಮೇಷ್ಟ್ರು, ಗುಮಾಸ್ತರು, ಬ್ಯಾಂಕಿನವರು. ಧಾರವಾಡಕ್ಕೋ ಕಲಬುರಗಿಗೋ ರೆಕಾರ್ಡಿಂಗ್‌ಗೆ ಹೋಗಬೇಕು ಅಂದರೆ ಮೊದಲು ಸಾಹೇಬರ ಮುಂದೆ ರಜೆ ಚೀಟಿ ಹಿಡಿದು ನಿಲ್ಲಬೇಕಿತ್ತು. ರಜೆ ಸಿಗಲಿಲ್ಲ ಅಂದರೆ ಪಾತ್ರ ಇನ್ನೊಬ್ಬರಿಗೆ.