‘ಬರೀ ಕಂದು ಚಿಟ್ಟೆ’ ಎನ್ನುವವರಿಗೆ

ಪ್ರಶ್ನೆ ಹೀಗಿರುತ್ತದೆ: ‘ಬರೀ ಒಂದು ಕಂದು ಚಿಟ್ಟೆ, ಅದರ ಹೆಸರು ಹೇಳಲು ಇಷ್ಟು ದಿನ ಯಾಕೆ ಬೇಕು?’ ಕೇಳುವವರು ಬದಲಾಗುತ್ತಾರೆ, ‘ಬರೀ’ ಮಾತ್ರ ಬದಲಾಗುವುದಿಲ್ಲ. ದಕ್ಷಿಣ ಅಮೆರಿಕದ ಕಂದು ಚಿಟ್ಟೆಗಳನ್ನು ಗುರುತಿಸುವುದು, ವಿವರಿಸುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ಮೊದಮೊದಲು ನಗುತ್ತಲೇ ಉತ್ತರಿಸುತ್ತಿದ್ದೆ. ಈಗ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರ ಕೈಗೆ ಇದನ್ನೇ ಕೊಡುತ್ತೇನೆ, ಓದಿಕೊಳ್ಳಲಿ.

ಕಳೆದ ವರ್ಷ ಸಾಗರದಲ್ಲಿ ಒಂದು ಮದುವೆ. ಎರಡನೆಯ ಪಂಕ್ತಿಗೆ ಕುಳಿತಿದ್ದೆವು. ತಂಬುಳಿ ಬಡಿಸಿ ಹೋಗಿದ್ದರು, ಸಾರು ಇನ್ನೂ ಬಂದಿರಲಿಲ್ಲ. ಎದುರಿನ ಸಾಲಿನಲ್ಲಿದ್ದ ದೊಡ್ಡಪ್ಪ ಎಡಗೈಯಲ್ಲಿ ಮೊಬೈಲ್ ಎತ್ತಿ ಹಿಡಿದರು. ಅಮೆರಿಕದಲ್ಲಿರುವ ಅವರ ಮಗಳು ಪೆರುವಿನ ಮಾಚು ಪಿಚುಗೆ ಹೋಗಿದ್ದಾಗ ತೆಗೆದ ಚಿತ್ರ: ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಕುಳಿತ, ಹೆಚ್ಚೂ ಕಡಿಮೆ ಕಪ್ಪೇ ಎನ್ನಬಹುದಾದ ಕಂದು ಚಿಟ್ಟೆ.

‘ಹೇಳು ನೋಡೋಣ, ಇದರ ಹೆಸರೇನು?’

‘ಪೆಡಾಲಿಯೋಡಿಸ್ ಕುಲದ್ದಿರಬೇಕು ದೊಡ್ಡಪ್ಪ. ಅದರಲ್ಲಿ ಯಾವುದು ಎಂದು ಇದರಿಂದ ಹೇಳಲು ಆಗುವುದಿಲ್ಲ. ರೆಕ್ಕೆ ಮಡಚಿ ಕುಳಿತ ಚಿತ್ರ ಇದೆಯೇ?’

‘ಇಷ್ಟು ವರ್ಷ ಅದನ್ನೇ ಓದಿದ್ದೀಯ. ಬರೀ ಒಂದು ಕಂದು ಚಿಟ್ಟೆಯ ಹೆಸರು ಗೊತ್ತಿಲ್ಲ ಎಂದರೆ!’

ಸಾಲಿಗೆ ಸಾಲೇ ನಕ್ಕಿತು. ಅಷ್ಟರಲ್ಲಿ ಸಾರು ತಂದ ಹುಡುಗ ಮೊಬೈಲಿನೊಳಗೆ ಇಣುಕಿ, ‘ಇಂಥದ್ದು ನಮ್ಮ ಕೊಟ್ಟಿಗೆಯ ಗೋಡೆಯ ಮೇಲೂ ಕೂರುತ್ತದೆ’ ಎಂದ. ಅದಕ್ಕೂ ನಕ್ಕರು. ಆ ಪಂಕ್ತಿಯಲ್ಲಿ ಸತ್ಯಕ್ಕೆ ಹತ್ತಿರದ ಮಾತಾಡಿದವನು ಅವನೊಬ್ಬನೇ. ಮುಸ್ಸಂಜೆ ದೀಪ ಹಚ್ಚಿದಾಗ ಒಳಗೆ ಬಂದು ಗೋಡೆಗೆ ಅಂಟಿ ಕೂರುವ ನಮ್ಮ ದೊಡ್ಡ ಕಂದು ಚಿಟ್ಟೆಯೂ ಆಂಡಿಸ್ ಪರ್ವತದ ಆ ಚಿಟ್ಟೆಯೂ ಒಂದೇ ಉಪಕುಟುಂಬದವು. ಅದರ ಹೆಸರು ಸ್ಯಾಟಿರಿನೇ. ನಮ್ಮದಕ್ಕೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಹೆಸರಿಟ್ಟ.

ಕೊಟ್ಟಿಗೆಯ ಆ ಚಿಟ್ಟೆಯನ್ನೇ ನೋಡಿ. ಮಳೆಗಾಲದಲ್ಲಿ ಹುಟ್ಟಿದ್ದರ ರೆಕ್ಕೆಯ ಅಡಿಯಲ್ಲಿ ಸಾಲಾಗಿ ಕಣ್ಣಚುಕ್ಕೆಗಳಿರುತ್ತವೆ. ಬೇಸಿಗೆಯಲ್ಲಿ ಹುಟ್ಟಿದ್ದಕ್ಕೆ ಆ ಚುಕ್ಕೆಗಳು ಇಲ್ಲವೆನ್ನುವಷ್ಟು ಅಳಿದಿರುತ್ತವೆ, ರೆಕ್ಕೆ ತರಗೆಲೆಯಂತೆ ಕಾಣುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಒಂದೇ ಪ್ರಭೇದವೆಂದು ಯಾರೂ ನಂಬುವುದಿಲ್ಲ. ದಕ್ಷಿಣ ಅಮೆರಿಕದಲ್ಲಿ ನನ್ನ ಕಷ್ಟ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದೇ ಎಂದುಕೊಂಡದ್ದು ಎರಡಾಗುತ್ತದೆ, ಮೂರಾಗುತ್ತದೆ. ಪೆಡಾಲಿಯೋಡಿಸ್ ಕುಲವೊಂದರಲ್ಲೇ 250ಕ್ಕೂ ಹೆಚ್ಚು ಪ್ರಭೇದಗಳಿವೆ. ಮೇಲಿನಿಂದ ನೋಡಿದರೆ ಮುಕ್ಕಾಲು ಪಾಲು ಕಾಫಿ ಬೀಜದ ಬಣ್ಣ. ಗುರುತುಗಳೆಲ್ಲ ಅಡಿಯಲ್ಲಿರುತ್ತವೆ: ಹಿಂಬದಿ ರೆಕ್ಕೆಯಲ್ಲಿ ಬಿಳಿಯೋ ಹಳದಿಯೋ ಆದ ಒಂದು ತೇಪೆ, ಅದರ ಅಂಚು ಯಾವ ನರದ ಬಳಿ ಬಾಗುತ್ತದೆ, ಸಣ್ಣ ಬಿಳಿ ಚುಕ್ಕೆಗಳು ಎಷ್ಟು. ಆದ್ದರಿಂದ ನಾನು ರೆಕ್ಕೆ ಮಡಚಿದ ಚಿತ್ರ ಕೇಳಿದರೆ ಅದು ನುಣುಚಿಕೊಳ್ಳುವ ಮಾತಲ್ಲ.

ಅಡಿ ನೋಡಿದರೂ ಸಾಲದೆ ಹೋಗುವುದುಂಟು. ಆಗ ಗಂಡು ಚಿಟ್ಟೆಯ ಹೊಟ್ಟೆಯ ತುದಿಯನ್ನು ಬಿಡಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಡುತ್ತೇವೆ. ಮೆತ್ತಗಿನ ಭಾಗವೆಲ್ಲ ಕರಗಿ, ಗಟ್ಟಿಯಾದ ಜನನಾಂಗದ ಕವಚ ಉಳಿಯುತ್ತದೆ. ಎಳ್ಳಿನ ಕಾಳಿಗಿಂತ ಚಿಕ್ಕದು. ಅದನ್ನು ಸೂಕ್ಷ್ಮದರ್ಶಕದಡಿ ಸೂಜಿಯಿಂದ ತಿರುಗಿಸಿ ತಿರುಗಿಸಿ ನೋಡಬೇಕು, ಪಕ್ಕದ ಹಿಡಿಕೆಗಳಲ್ಲಿ ಹಲ್ಲು ಇದೆಯೇ ಇಲ್ಲವೇ ಎಂದು. ಒಂದು ಕಾಲನ್ನು ಡಿಎನ್‌ಎ ಪರೀಕ್ಷೆಗೆ ಕಳುಹಿಸಬೇಕು. ಹೋಲಿಕೆಗೆ ಎಲ್ಲರೂ ಬಳಸುವ ತುಣುಕು 658 ಅಕ್ಷರಗಳಷ್ಟು ಉದ್ದ. ಇಷ್ಟಾದ ಮೇಲೆ ಹಳೆಯ ಹೆಸರುಗಳ ಹಿಂದೆ ಹೋಗಬೇಕು. ನಿಜವಾಗಿ ದಿನ ಹಿಡಿಯುವುದು ಅಲ್ಲಿ.

ಬ್ರೆಜಿಲಿನಿಂದ ಬಂದ ಒಂದು ಪುಟ್ಟ ಕಂದು ಚಿಟ್ಟೆಗೆ ಡೆನ್ಮಾರ್ಕಿನ ಫೆಬ್ರಿಷಿಯಸ್ 1775ರಲ್ಲಿ ಹರ್ಮಿಸ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯ ಚುಟುಕು ವಿವರಣೆ, ಅಷ್ಟೆ. ಆಮೇಲೆ ಆ ಖಂಡದ ಉದ್ದಗಲಕ್ಕೂ ಸಿಕ್ಕ ಅಂಥ ಎಷ್ಟೋ ಚಿಟ್ಟೆಗಳು ಅದೇ ಹೆಸರಿನ ಕೆಳಗೆ ಸೇರಿಕೊಂಡವು. ಆ ಗುಂಪಿನಲ್ಲಿ ಒಂದನ್ನು ಹೊಸದು ಎನ್ನಬೇಕಾದರೆ, ಫೆಬ್ರಿಷಿಯಸ್ ಕಂಡದ್ದು ಯಾವುದು ಎಂದು ಮೊದಲು ಇತ್ಯರ್ಥವಾಗಬೇಕು. ಹೆಸರು ನಿಲ್ಲುವುದು ಒಂದು ಮಾದರಿಯ ಮೇಲೆ; ಇಂದು ಹೊಸ ಹೆಸರಿಡುವವರು ಆ ಒಂದನ್ನು ಹೋಲೋಟೈಪ್ ಎಂದು ಸ್ಪಷ್ಟವಾಗಿ ಆರಿಸಿ, ಯಾವ ಸಂಗ್ರಹಾಲಯದಲ್ಲಿ ಇಟ್ಟಿದ್ದೇವೆ ಎಂದು ತಿಳಿಸಲೇಬೇಕು. ಹರ್ಮಿಸ್‌ನ ಬಳಗದಲ್ಲೇ ಇನ್ನೊಂದು, ಇಂಟ್ರಿಕಾಟಾ, ಬೆಳಕಿಗೆ ಬಂದದ್ದು 2014ರಲ್ಲಿ. ಸಿಕ್ಕಿದ್ದೆಲ್ಲಿ? ದಟ್ಟ ಅಮೆಜಾನಿನಲ್ಲಲ್ಲ, ಉತ್ತರಕ್ಕೆ, ಅಮೆರಿಕದ ಟೆಕ್ಸಸ್‌ನಲ್ಲಿ, ಜನ ನಿತ್ಯ ಓಡಾಡುವ ಒಂದು ಉದ್ಯಾನದಲ್ಲಿ. ನೋಡಿದವರೆಲ್ಲ ಪರಿಚಿತ ಕಂದು ಚಿಟ್ಟೆಯೆಂದು ಮುಂದೆ ಸಾಗಿದ್ದರು. ‘ಬರೀ’ ಎಂಬ ಮಾತಿನ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಹಾಗೆಂದವರ ಕಣ್ಣು ಅಲ್ಲಿಗೇ ಮುಚ್ಚಿತು.

ಹೆಸರಿನ ಹುಚ್ಚು ಪತ್ರಿಕೆಗಳಿಗೂ ಇದೆ. 2015ರಲ್ಲಿ ಅಮೆಜಾನಿನ ಮೇಲಣ ಪ್ರದೇಶದ ಒಂದು ಕಂದು ಚಿಟ್ಟೆಗೆ ಟಿವಿಯ ವನ್ಯಜೀವಿ ಚಿತ್ರಗಳಿಂದ ಹೆಸರಾದ ಡೇವಿಡ್ ಆಟನ್‌ಬರೊ ಅವರ ಹೆಸರಿಟ್ಟು ಯೂಪ್ಟಿಕಿಯಾ ಆಟನ್‌ಬರೊಯಿ ಎಂದಾಗ ಸುದ್ದಿಯಾಯಿತು. 2023ರಲ್ಲಿ ಕಿತ್ತಳೆ ಬಣ್ಣದ ಹಿಂಬದಿ ರೆಕ್ಕೆಯ ಕಣ್ಣಚುಕ್ಕೆ ಕಂಡು, ‘ಲಾರ್ಡ್ ಆಫ್ ದ ರಿಂಗ್ಸ್’ ಕಥೆಯ ಖಳ ಸೌರಾನ್‌ನ ಉರಿಗಣ್ಣಿನ ನೆನಪಿನಲ್ಲಿ ಸೌರೋನಾ ಎಂಬ ಕುಲವನ್ನು ಸ್ಥಾಪಿಸಿದಾಗಲೂ ಅಷ್ಟೆ. ಒಳ್ಳೆಯ ಹೆಸರುಗಳೇ, ನನ್ನ ತಕರಾರಿಲ್ಲ. ಆದರೆ ಯೂಪ್ಟಿಕಿಯಾ ಕುಲದ ವಿಶೇಷ ಹೆಸರಿನಲ್ಲಿಲ್ಲ, ಅದರ ಹುಳುವಿನ ಬಾಯಲ್ಲಿದೆ. ಚಿಟ್ಟೆಗಳ ಹುಳುಗಳಲ್ಲಿ ಹೆಚ್ಚಿನವು ಹೂ ಬಿಡುವ ಗಿಡಗಳನ್ನು ತಿನ್ನುತ್ತವೆ; ಈ ಬಳಗದ ಬಹುಪಾಲು ಕಂದು ಚಿಟ್ಟೆಗಳ ಹುಳುಗಳಿಗೆ ಹುಲ್ಲು ಆಹಾರ. ಯೂಪ್ಟಿಕಿಯಾದಲ್ಲಿ ಹುಳುಗಳು ತಿನ್ನುವುದು ಸೆಲಾಜಿನೆಲ್ಲಾವನ್ನು, ಹೂವೆಂಬುದೇ ಇಲ್ಲದ ಪುರಾತನ ಸಸ್ಯವನ್ನು. ಒಣಗಿ ಮುದುಡಿದ್ದು ನೀರಿಗೆ ಹಾಕಿದರೆ ಅರಳುತ್ತದೆಂದು ಜಾತ್ರೆಗಳಲ್ಲಿ ಸಂಜೀವಿನಿಯೆಂದು ಮಾರುತ್ತಾರಲ್ಲ, ಆ ಗಿಡದ ಬಳಗ. ಇದನ್ನು ಯಾರೂ ಕೇಳುವುದಿಲ್ಲ.

ಯಾರಾದರೂ ಕೇಳಲಿ ಎಂದು ನಾನು ಕಾದಿರುವ ಪ್ರಶ್ನೆ ಇನ್ನೊಂದಿದೆ: ‘ಅದು ಎಷ್ಟು ಎತ್ತರದಲ್ಲಿ ಸಿಕ್ಕಿತು?’

ಆಂಡಿಸ್‌ನ ಮೋಡದ ಕಾಡಿನಲ್ಲಿ ಬೆಟ್ಟ ಹತ್ತುವುದೆಂದರೆ ಕೇರಿಯಿಂದ ಕೇರಿಗೆ ಹೋದಂತೆ. ಒಂದು ಪೆಡಾಲಿಯೋಡಿಸ್ ಇಷ್ಟು ಎತ್ತರದವರೆಗೆ ಸಿಗುತ್ತದೆ, ಕೆಲವು ನೂರು ಮೀಟರ್ ಮೇಲೇರುವಷ್ಟರಲ್ಲಿ ಅದು ನಿಂತು ಅದರ ದಾಯಾದಿ ಶುರುವಾಗುತ್ತದೆ. ಇವುಗಳ ಹುಳುಗಳು ಬದುಕುವುದು ಚುಸ್ಕಿಯಾ ಎಂಬ ಬಿದಿರಿನ ಮೇಲೆ. ಅದರಲ್ಲೂ ಕೆಲವು ಬಗೆಗಳು ನಮ್ಮ ಬಿದಿರಿನಂತೆಯೇ ವರ್ಷಾನುಗಟ್ಟಲೆ ಕಾದು, ಮೆಳೆಗೆ ಮೆಳೆಯೇ ಒಟ್ಟಿಗೆ ಹೂ ಬಿಟ್ಟು ಸಾಯುತ್ತವೆ. ಕಾಡು ಬಿಸಿಯಾಗುತ್ತಾ ಹೋದರೆ ತಂಪಿಗೆ ಒಗ್ಗಿದ ಚಿಟ್ಟೆ ಮೇಲಕ್ಕೆ ಸರಿಯಬೇಕು. ಬೆಟ್ಟಕ್ಕೆ ತುದಿಯೊಂದಿದೆ. ಮೇಲಿನ ಕೇರಿಯವರು ಎಲ್ಲಿಗೆ ಹೋಗಬೇಕು? ಸರಿದಿವೆಯೋ ಇಲ್ಲವೋ ಎಂದು ತಿಳಿಯುವುದು ಹಿಂದೆ ಎಲ್ಲಿದ್ದವು ಎಂದು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ. ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಪ್ರತಿ ಚಿಟ್ಟೆಯ ಗುಂಡುಸೂಜಿಗೂ ಬೆರಳುಗುರಿನಷ್ಟು ಚೀಟಿ ಚುಚ್ಚಿರುತ್ತದೆ: ಸ್ಥಳ, ದಿನ, ಎತ್ತರ, ಹಿಡಿದವರ ಹೆಸರು. ಬರೀ ‘ಪೆರು’ ಎಂದಷ್ಟೇ ಬರೆದ ಹಳೆಯ ಚೀಟಿಗಳು ಎದುರಾದಾಗ ನನಗೆ ನಿಜಕ್ಕೂ ದುಃಖವಾಗುತ್ತದೆ. ರೆಕ್ಕೆ ಒಂದಿಷ್ಟೂ ಮುಕ್ಕಾಗಿರುವುದಿಲ್ಲ, ಆದರೆ ಕಾಡಿನ ಸುದ್ದಿ ಮಾತ್ರ ಎಂದೋ ಕಳೆದುಹೋಗಿರುತ್ತದೆ.

ಮದುವೆಯಿಂದ ಬಂದ ರಾತ್ರಿಯೇ ಅಕ್ಕನಿಗೆ, ಅಂದರೆ ದೊಡ್ಡಪ್ಪನ ಮಗಳಿಗೆ, ಫೋನ್ ಮಾಡಿದೆ. ಎಲ್ಲಿ, ಎಷ್ಟು ಹೊತ್ತಿಗೆ, ಬಿಸಿಲಿತ್ತೇ, ಹತ್ತಿರ ಬಿದಿರಿತ್ತೇ? ಅವಳಿಗೆ ಎಲ್ಲ ನೆನಪಿತ್ತು. ಅವಶೇಷಗಳಿಂದ ಸೂರ್ಯದ್ವಾರಕ್ಕೆ ಏರುವ ಕಾಲುದಾರಿ. ಬೆಳಗ್ಗೆ ಹತ್ತು ದಾಟಿತ್ತು. ಬಿಸಿಲು ಬಿದ್ದಷ್ಟು ಹೊತ್ತು ಹತ್ತಾರು ಹಾರಾಡಿದವು, ಮೋಡ ಕವಿದ ಕೂಡಲೇ ಒಂದೂ ಕಾಣಲಿಲ್ಲ. ಮೊಬೈಲಿನ ಚಿತ್ರದ ವಿವರದಲ್ಲಿ ಎತ್ತರವೂ ಇತ್ತು, 2600 ಮೀಟರಿನ ಆಸುಪಾಸು. ದಾರಿಯ ಪಕ್ಕದಲ್ಲಿ ತೆಳ್ಳಗಿನ ಬಿದಿರು ಬಾಗಿಕೊಂಡಿತ್ತಂತೆ. ಇದಕ್ಕಿಂತ ಒಳ್ಳೆಯ ಚೀಟಿ ಯಾರು ಬರೆಯಬಲ್ಲರು?

‘ರೆಕ್ಕೆ ಮಡಚಿದ ಚಿತ್ರ ತೆಗೆಯಲಿಲ್ಲವೇ ಅಕ್ಕ?’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ತೆಗೆದಿದ್ದೇನೆ. ಆದರೆ ಅದು ಲಾಮಾದ ಹಿಕ್ಕೆಯ ಮೇಲೆ ಕುಳಿತದ್ದು. ಅಪ್ಪನಿಗೆ ಅಂಥ ಚಿತ್ರ ಕಳುಹಿಸಲು ಮನಸ್ಸಾಗಲಿಲ್ಲ.’

ಈ ಚಿಟ್ಟೆಗಳ ಗಂಡುಗಳು ಉಪ್ಪಿನಂಶಕ್ಕಾಗಿ ಸಗಣಿ, ಹಿಕ್ಕೆಗಳ ಮೇಲೆ ಕೂರುತ್ತವೆ; ನಾವು ಬಲೆಯಲ್ಲಿ ಆಮಿಷವಾಗಿ ಇಡುವುದೂ ಅಂಥದ್ದನ್ನೇ. ಐದು ನಿಮಿಷದಲ್ಲಿ ಚಿತ್ರ ಬಂತು. ಹಿಂಬದಿ ರೆಕ್ಕೆಯ ಅಡಿಯಲ್ಲಿ ಮಸುಕು ಹಳದಿ ತೇಪೆ, ಅಂಚಿನ ಬಳಿ ಎರಡು ಬಿಳಿ ಚುಕ್ಕೆ, ಎಲ್ಲವೂ ಸ್ಪಷ್ಟ. ಅಷ್ಟು ನೋಡಿ ಮೂರು ಹೆಸರುಗಳವರೆಗೆ ಬಂದಿದ್ದೇನೆ. ಮೂರರಲ್ಲಿ ಯಾವುದೆಂದು ಚಿತ್ರದಿಂದ ತೀರ್ಮಾನಿಸಲು ಆಗುವುದಿಲ್ಲ. ದೊಡ್ಡಪ್ಪನಿಗೂ ಹಾಗೆಯೇ ಬರೆದು, ಹಿಕ್ಕೆಯ ಚಿತ್ರವನ್ನೂ ಜೊತೆಗೆ ಕಳುಹಿಸಿದ್ದೇನೆ.