ಯಾವ ಸಾಫ್ಟ್‌ವೇರ್ ತಗೊಳ್ಳೋಣ ಅಂತ ಕೇಳುವವರಿಗೆ

ನನ್ನ ಕೆಲಸದ ಹೆಸರು ನಾಲೆಜ್ ಮ್ಯಾನೇಜ್‌ಮೆಂಟ್. ಒಂದು ಸಂಸ್ಥೆಯಲ್ಲಿ ಯಾರಿಗೆ ಏನು ಗೊತ್ತು, ಅದು ಪಕ್ಕದವರಿಗೆ ಹೇಗೆ ತಲುಪುತ್ತದೆ, ಗೊತ್ತಿದ್ದವರು ಕೆಲಸ ಬಿಟ್ಟ ಮೇಲೂ ಅದು ಉಳಿಯಬೇಕಾದರೆ ಏನು ಮಾಡಬೇಕು, ಇದನ್ನು ನೋಡುವುದು ನನ್ನ ಕೆಲಸ. ಇಷ್ಟು ಹೇಳುವಷ್ಟರಲ್ಲಿ ಪ್ರಶ್ನೆ ಬಂದುಬಿಡುತ್ತದೆ. "ಓಹೋ, ಅದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೇದು?"

ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಕಂಪನಿಯವರು ಮೊದಲ ಮೀಟಿಂಗಿನಲ್ಲೇ ಕೇಳುತ್ತಾರೆ. ಮೊನ್ನೆ ಒಬ್ಬ ಪ್ರಾಂಶುಪಾಲರು ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಕೇಳಿದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದರ ಲಿಂಕ್ ಕಳಿಸುತ್ತೇನೆ.

ಉತ್ತರ ಇಷ್ಟೇ: ಯಾವುದಾದರೂ ತಗೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಹುಡುಕಿದರೆ ಸಿಗಬೇಕು, ಹಳಸಿದ ಮಾಹಿತಿಯನ್ನು ತೆಗೆದುಹಾಕಲು ಬರಬೇಕು, ಯಾರು ಬರೆದರು ಅಂತ ಕಾಣಬೇಕು. ಬಹಳ ಮಟ್ಟಿಗೆ ನಿಮ್ಮ ಆಫೀಸಿನಲ್ಲಿ ಈಗಾಗಲೇ ಇರುವುದೇ ಸಾಕು. ಈ ಕೆಲಸಕ್ಕೆ 2018ರಲ್ಲಿ ಐಎಸ್‌ಒ 30401 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೇ ಬಂತು. ಅದು ಕೂಡ ಇಂಥದ್ದೇ ಸಾಫ್ಟ್‌ವೇರ್ ಬಳಸಿ ಅಂತ ಎಲ್ಲೂ ಹೇಳುವುದಿಲ್ಲ.

ನಾಸಾದಂಥ ಸಂಸ್ಥೆಯ ಹತ್ತಿರ, ಕಲಿತ ಪಾಠಗಳನ್ನು ಕೂಡಿಡುವುದಕ್ಕೆಂದೇ ಒಂದು ಡೇಟಾಬೇಸ್ ಇತ್ತು. ಅಮೆರಿಕದ ಸಂಸತ್ತಿನ ಪರವಾಗಿ ಲೆಕ್ಕ ತಪಾಸಣೆ ಮಾಡುವ ಕಚೇರಿ ಅದನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟಿತು. ಪ್ರಾಜೆಕ್ಟ್ ನಡೆಸುವವರು ಪಾಠಗಳನ್ನು ತಪ್ಪದೆ ಅದರೊಳಗೆ ಹಾಕುತ್ತಲೂ ಇಲ್ಲ, ಹಂಚಿಕೊಳ್ಳುತ್ತಲೂ ಇಲ್ಲ ಅನ್ನುವುದು ಅದರ ಸಾರ. ರಾಕೆಟ್ ಹಾರಿಸುವವರಿಗೆ ಸಾಫ್ಟ್‌ವೇರ್ ಬರೆಯುವುದು ಕಷ್ಟವಾಗಿತ್ತಾ? ತೊಂದರೆ ಇದ್ದದ್ದು ಬೇರೆ ಕಡೆ.

ಸಾಫ್ಟ್‌ವೇರ್ ಪ್ರಶ್ನೆಯನ್ನಾದರೂ ಸಹಿಸಿಕೊಳ್ಳುತ್ತೇನೆ. ನನ್ನ ಮೈ ಉರಿಯುವುದು ಇನ್ನೊಂದು ಮಾತಿಗೆ. "ಅವರ ತಲೆಯಲ್ಲಿ ಇರೋದನ್ನೆಲ್ಲ ಡೌನ್‌ಲೋಡ್ ಮಾಡಿಕೊಂಡುಬಿಡಿ ಮೇಡಂ." ಇದನ್ನು ನಾನು ಮೊದಲ ಸಲ ಕೇಳಿದ್ದು ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಅಲ್ಲಿನ ಹಿರಿಯ ಫಿಟ್ಟರ್ ರಿಟೈರ್ ಆಗುವವರಿದ್ದರು. ಏರ್ ಕಂಪ್ರೆಸರ್‌ಗಳನ್ನೆಲ್ಲ, ಅಂದರೆ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಯಂತ್ರಗಳನ್ನೆಲ್ಲ, ನೋಡಿಕೊಳ್ಳುತ್ತಿದ್ದವರು ಅವರೇ. ಮೂವತ್ತೊಂದು ವರ್ಷದ ಸರ್ವಿಸ್. ನನ್ನನ್ನು ಕರೆಸಿದ್ದು ಇನ್ನು ಒಂಬತ್ತು ದಿನ ಉಳಿದಿದ್ದಾಗ.

ನಾನು ಹದಿನಾಲ್ಕು ಕಾಲಮ್ಮಿನ ಒಂದು ಎಕ್ಸೆಲ್ ಶೀಟ್ ಹಿಡಿದುಕೊಂಡು ಹೋದೆ. ಕಂಪ್ರೆಸರ್ ರೂಮಿನಲ್ಲಿ ಮಾತು ಕೇಳಿಸುವುದಿಲ್ಲ, ಹೊರಗೆ ಕೂತು ಮಾತಾಡೋಣ ಸರ್ ಅಂದೆ. ಅವರು ತಲೆ ಅಲ್ಲಾಡಿಸಿದರು. "ಹೊರಗೆ ಕೂತ್ರೆ ನಂಗೇನೂ ನೆನಪಾಗಲ್ಲ ಮೇಡಂ, ಒಳಗೇ ಬನ್ನಿ." ಮಾರುದ್ದದ ಒಂದು ಸ್ಕ್ರೂಡ್ರೈವರ್ ತೆಗೆದರು. ಅದರ ಮೊನೆಯನ್ನು ಬೇರಿಂಗ್ ಇರುವ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಆನಿಸಿಕೊಂಡರು. ಕಣ್ಣು ಮುಚ್ಚಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ನನಗೆ ಕೇಳಿಸಿದ್ದು ಬರೀ ಗರಗರ. "ಆ ಗರಗರ ಬಿಟ್ಬಿಡಿ. ಅದರ ಹಿಂದೆ ಸಣ್ಣಗೆ ಒಂದು ಟಿಕ್ ಇದೆ ನೋಡಿ." ನನಗೆ ಕೇಳಿಸಲಿಲ್ಲ. ಹತ್ತು ನಿಮಿಷ ಹಾಗೇ ನಿಂತಿದ್ದೆ. ಕೊನೆಗೆ ಏನೋ ಕೇಳಿಸಿದ ಹಾಗಾಯಿತು. ಅದು ನಿಜವಾಗಿಯೂ ಟಿಕ್ಕೋ, ನನ್ನ ನಾಡಿಯೋ ಇವತ್ತಿಗೂ ಹೇಳಲಾರೆ.

ನನ್ನ ಶೀಟಿನ ಏಳನೇ ಕಾಲಮ್ಮು, "ದೋಷ ಪತ್ತೆ ಮಾಡುವ ವಿಧಾನ". ಅದರಲ್ಲಿ "ಶಬ್ದದಲ್ಲಿ ವ್ಯತ್ಯಾಸ" ಅಂತ ಬರೆದೆ. ಮೂವತ್ತೊಂದು ವರ್ಷದ ಕಿವಿಗೆ ಎರಡು ಪದ.

ಇದು ಒಂದು ಕಾರ್ಖಾನೆಯ ಕಥೆ ಅಂದುಕೊಳ್ಳಬೇಡಿ. ಬರೆದಿಡುವುದೇ ಕಸುಬಾಗಿರುವ ವಿಜ್ಞಾನಿಗಳಿಗೂ ಹೀಗೇ ಆಗಿದೆ. ಹ್ಯಾರಿ ಕಾಲಿನ್ಸ್ ಅಂತ ಬ್ರಿಟನ್ನಿನ ಒಬ್ಬ ಸಮಾಜಶಾಸ್ತ್ರಜ್ಞ ಇದ್ದಾರೆ. ಒಂದು ಬಗೆಯ ಹೊಸ ಲೇಸರನ್ನು ಬೇರೆ ಬೇರೆ ಲ್ಯಾಬುಗಳು ಹೇಗೆ ಕಟ್ಟಿದವು ಅಂತ ಅವರು 1970ರ ದಶಕದಲ್ಲಿ ವಿಚಾರಿಸಿದರು. ಬರೀ ಪ್ರಕಟಿತ ಲೇಖನ ಓದಿ ಲೇಸರ್ ಕಟ್ಟಿದವರು ಒಬ್ಬರೂ ಸಿಗಲಿಲ್ಲ. ಕಟ್ಟಿ ಗೆದ್ದವರಿಗೆಲ್ಲ, ಆಗಲೇ ಕಟ್ಟಿದ್ದ ಯಾರದೋ ಒಡನಾಟ ಇತ್ತು.

ಅವರೇ ಮುಂದೆ ನೋಡಿದ ಇನ್ನೊಂದು ಪ್ರಸಂಗ ನನಗೆ ಬಹಳ ಇಷ್ಟ. ಮಾಸ್ಕೋ ವಿಶ್ವವಿದ್ಯಾಲಯದವರು ಸಫೈರ್ ಹರಳಿನ ಗುಣವೊಂದನ್ನು ಅಳೆದಿದ್ದರು. ಗಂಟೆ ಬಾರಿಸಿದರೆ ನಾದ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುತ್ತೇವಲ್ಲ, ಅಂಥದ್ದೇ ಅಳತೆ. ಹರಳನ್ನು ತೆಳು ದಾರದಲ್ಲಿ ತೂಗುಹಾಕಿ, ಕಂಪನ ಎಬ್ಬಿಸಿ, ಅದು ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವುದು. ಗುರುತ್ವದ ಅಲೆ ಹಿಡಿಯುವ ಯಂತ್ರಕ್ಕೆ ಈ ಅಂಕಿ ಬೇಕಾಗಿತ್ತು. ಪಶ್ಚಿಮದ ಲ್ಯಾಬುಗಳಿಗೆ ಸುಮಾರು 20 ವರ್ಷ ಅದೇ ಅಂಕಿ ಸಿಗಲೇ ಇಲ್ಲ. ರಷ್ಯದವರ ಲೆಕ್ಕವೇ ತಪ್ಪಿರಬಹುದು ಅನ್ನುವ ಅನುಮಾನವೂ ಇತ್ತು. ಕೊನೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ಲ್ಯಾಬಿನವರು ಮಾಸ್ಕೋಗೆ ಹೋದರು, ಮಾಸ್ಕೋದವರು ಗ್ಲಾಸ್ಗೋಗೆ ಬಂದರು. ಜೊತೆಯಲ್ಲಿ ನಿಂತು ನೋಡಿದಾಗ ಒಂದೊಂದಾಗಿ ಕಾಣಿಸಿತು. ದಾರಕ್ಕೆ ಒಂಚೂರು ಜಿಡ್ಡು ಬೇಕು. ಜಾಸ್ತಿ ಆದರೂ ಕೆಟ್ಟಿತು, ಕಡಿಮೆ ಆದರೂ ಕೆಟ್ಟಿತು. ಅಳತೆ ಮಾಡುತ್ತಿದ್ದ ರಷ್ಯದ ವಿಜ್ಞಾನಿ ದಾರವನ್ನು ತನ್ನ ಮೂಗಿನ ಮೇಲೋ ಕಿವಿಯ ಹಿಂದೋ ಸವರಿಕೊಳ್ಳುತ್ತಿದ್ದರು. ಅಷ್ಟೇ ಜಿಡ್ಡು!

ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಗ್ಲಾಸ್ಗೋದವರಿಗೆ ಸಿಕ್ಕಿದ್ದು ಬರೀ ಮೂಗಿನ ಜಿಡ್ಡಿನ ಉಪಾಯ ಅಲ್ಲ. ಈ ಮನುಷ್ಯ ಎಷ್ಟು ತಾಳ್ಮೆಯಿಂದ ಮಾಡುತ್ತಾನೆ, ಎಷ್ಟು ಸಲ ಸೋತು ಮತ್ತೆ ಕಟ್ಟುತ್ತಾನೆ ಅಂತ ಕಣ್ಣಾರೆ ಕಂಡರು. ಹಾಗಾಗಿ ಆ ಅಂಕಿಯನ್ನು ನಂಬಿದರು. ಪಿಡಿಎಫ್ ಕಳಿಸಿ ಆ ನಂಬಿಕೆ ಹುಟ್ಟಿಸಲು ಆಗುತ್ತಾ?

ನಮ್ಮ ಲ್ಯಾಬುಗಳಲ್ಲೂ ಇದು ದಿನಾ ನಡೆಯುವುದೇ. ಐದು ವರ್ಷ ದುಡಿದ ಪಿಎಚ್‌ಡಿ ವಿದ್ಯಾರ್ಥಿ ಪೋಸ್ಟ್‌ಡಾಕ್ ಅಂತ ವಿಮಾನ ಹತ್ತುತ್ತಾನೆ. ಮುಂದಿನವಳು ಅವನ ನೋಟ್‌ಬುಕ್ ಇಟ್ಟುಕೊಂಡು ಮೂರು ತಿಂಗಳು ಒದ್ದಾಡುತ್ತಾಳೆ. ಬಿಟ್ಟು ಹೋಗುವವನು, ಬರುವವಳು ಒಂದು ತಿಂಗಳು ಒಟ್ಟಿಗೆ ಇರುವ ಹಾಗೆ ಮಾಡಿ ಅಂತ ಪ್ರೊಫೆಸರುಗಳಿಗೆ ಬೇಡಿಕೊಳ್ಳುತ್ತೇನೆ. ಫೆಲೋಶಿಪ್ ದುಡ್ಡಿನ ಲೆಕ್ಕ ಹೊಂದುವುದಿಲ್ಲ ಅನ್ನುತ್ತಾರೆ.

ಇನ್ನು, "ತಲೆಯಲ್ಲಿ ಇರೋದು" ಅನ್ನುವ ಮಾತೇ ಪೂರ್ತಿ ಸರಿಯಲ್ಲ. ಕೆಲವು ಸಂಗತಿ ಯಾರ ತಲೆಯಲ್ಲೂ ಇರುವುದಿಲ್ಲ. ಅಮೆರಿಕದ ಅಣ್ವಸ್ತ್ರಗಳಲ್ಲಿ ಬಳಸುವ ಒಂದು ಗುಟ್ಟಿನ ಪದಾರ್ಥವಿದೆ, ಹೆಸರು ಫಾಗ್‌ಬ್ಯಾಂಕ್. 1980ರ ದಶಕದ ಕೊನೆಗೆ ಅದರ ತಯಾರಿ ನಿಂತಿತು. 2000ದ ನಂತರ ಮತ್ತೆ ಬೇಕಾದಾಗ ನೋಡಿದರೆ ದಾಖಲೆ ಸಾಲದು, ಮಾಡಿದವರಲ್ಲಿ ಹೆಚ್ಚಿನವರು ಹೊರಟು ಹೋಗಿದ್ದಾರೆ. ವರ್ಷಗಟ್ಟಲೆ ಒದ್ದಾಡಿ ಮಾಡಿದರೂ ಸರಿ ಬರಲಿಲ್ಲ. ಕಡೆಗೆ ಗೊತ್ತಾಯಿತು: ಹಿಂದೆ ಕಚ್ಚಾವಸ್ತುವಿನ ಜೊತೆ ಒಂದು ಕಲ್ಮಶ ಸೇರಿ ಬರುತ್ತಿತ್ತು, ಪದಾರ್ಥ ಸರಿಯಾಗಿ ಕೂಡುತ್ತಿದ್ದದ್ದೇ ಅದರಿಂದ. ಹೊಸಬರು ಒಳ್ಳೆಯ ಶುದ್ಧೀಕರಣ ಮಾಡಿ ಅದನ್ನು ತೆಗೆದುಬಿಟ್ಟಿದ್ದರು. ಆ ಕಲ್ಮಶದ ಮಹಿಮೆ ಹಳಬರಿಗೂ ಗೊತ್ತಿರಲಿಲ್ಲ. ಅವರನ್ನು ಕೂರಿಸಿ ಕೇಳಿದ್ದರೂ ಹೇಳುತ್ತಿರಲಿಲ್ಲ. ಪಕ್ಕದಲ್ಲಿ ನಿಂತು, ಅವರು ಮಾಡುವುದನ್ನೆಲ್ಲ, ಬೇಡ ಅನ್ನಿಸುವುದನ್ನೂ ಸೇರಿಸಿ ಮಾಡಿದ್ದರೆ ಮಾತ್ರ ಅದು ಕೈದಾಟುತ್ತಿತ್ತು.

ಇಷ್ಟೆಲ್ಲ ಇರುವಾಗ ನನ್ನನ್ನು ಕೇಳಬೇಕಾದ ಪ್ರಶ್ನೆ ಯಾವುದು ಗೊತ್ತಾ? "ಗೊತ್ತಿರುವವರು ನಮಗೆ ಯಾಕೆ ಹೇಳಬೇಕು?" ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದರೆ ಇಡೀ ದಿನ ಕೂತು ಮಾತಾಡಲು ತಯಾರಿದ್ದೇನೆ.

ಬಹುಮಾನ ಕೊಟ್ಟರೆ ಹೇಳುತ್ತಾರೆ ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಇನ್ಫೋಸಿಸ್‌ನವರು "ಒಮ್ಮೆ ಕಲಿ, ಎಲ್ಲಾದರೂ ಬಳಸು" ಅನ್ನುವ ಅರ್ಥದ ಘೋಷಣೆ ಇಟ್ಟುಕೊಂಡು, ಕೆ-ಶಾಪ್ ಅಂತ ಪೋರ್ಟಲ್ ಮಾಡಿದ್ದರು. ಉದ್ಯೋಗಿಗಳು ತಮಗೆ ಗೊತ್ತಿರುವುದನ್ನು ಅದರಲ್ಲಿ ಬರೆಯಲಿ ಅಂತ, 2001ರ ಹೊತ್ತಿಗೆ ನಾಲೆಜ್ ಕರೆನ್ಸಿ ಯೂನಿಟ್ ಅನ್ನುವ ಪಾಯಿಂಟುಗಳನ್ನು ತಂದರು. ಬರೆದರೆ ಪಾಯಿಂಟು, ಪಾಯಿಂಟಿಗೆ ಬಹುಮಾನ. ರಾಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ ಅನ್ನುವ ಮ್ಯಾನೇಜ್‌ಮೆಂಟ್ ಸಂಶೋಧಕರು ಇದರ ಬಗ್ಗೆ 2005ರಲ್ಲಿ ಅಧ್ಯಯನ ಪ್ರಕಟಿಸಿದ್ದಾರೆ. ಪಾಯಿಂಟು ಬಂದದ್ದೇ ತಡ, ಬರಹಗಳು ಪ್ರವಾಹದ ಹಾಗೆ ಬಂದವು. ಪರಿಶೀಲಿಸುವವರಿಗೆ ಪುರುಸೊತ್ತೇ ಸಿಗಲಿಲ್ಲ. ಹುಡುಕಲು ಹೋದವರಿಗೆ ಕಾಳು ಯಾವುದು, ಜೊಳ್ಳು ಯಾವುದು ಗೊತ್ತಾಗಲಿಲ್ಲ. ಕಂಪನಿಯವರು ಇದನ್ನು ಗಮನಿಸಿ ಬಹುಮಾನದ ಜೋರು ಇಳಿಸಿದರು, ಬರಹ ಬೇರೆಯವರಿಗೆ ಎಷ್ಟು ಉಪಯೋಗಕ್ಕೆ ಬಂತು ಅನ್ನುವುದಕ್ಕೆ ಹೆಚ್ಚು ಬೆಲೆ ಕೊಟ್ಟರು. ಹೀಗೆ ತಿದ್ದಿಕೊಂಡದ್ದಕ್ಕೆ ನನಗೆ ಅವರ ಮೇಲೆ ಗೌರವ. ಬೇರೆ ಎಷ್ಟೋ ಕಡೆ "ಈ ತಿಂಗಳು ಇಷ್ಟು ಡಾಕ್ಯುಮೆಂಟ್ ಅಪ್‌ಲೋಡ್ ಆಯಿತು" ಅಂತ ಗ್ರಾಫ್ ತೋರಿಸುವುದರಲ್ಲೇ ಎಲ್ಲ ಮುಗಿಯುತ್ತದೆ.

ಇದರ ಎದುರಿಗೆ ಝೆರಾಕ್ಸ್ ಕಂಪನಿಯ ಮೆಕ್ಯಾನಿಕ್‌ಗಳನ್ನು ಇಟ್ಟು ನೋಡಿ. ಜೂಲಿಯನ್ ಓರ್ ಅನ್ನುವ ಮಾನವಶಾಸ್ತ್ರಜ್ಞ 1980ರ ದಶಕದಲ್ಲಿ ಅವರ ಜೊತೆ ಓಡಾಡಿದರು. ಕೈಪಿಡಿಯಲ್ಲಿ ಇಲ್ಲದ ರಿಪೇರಿಗಳನ್ನು ಅವರು ಒಬ್ಬರಿಂದೊಬ್ಬರು ಕಲಿಯುತ್ತಿದ್ದದ್ದು ತಿಂಡಿ ತಿನ್ನುತ್ತಾ, ಕಾಫಿ ಕುಡಿಯುತ್ತಾ ಹೇಳಿಕೊಳ್ಳುವ ಕಥೆಗಳಿಂದ. ಮುಂದೆ ಇಂಥ ಉಪಾಯಗಳನ್ನು ಕೂಡಿಡಲು ಯುರೇಕಾ ಅನ್ನುವ ವ್ಯವಸ್ಥೆ ಫ್ರಾನ್ಸಿನಲ್ಲಿ ಶುರುವಾಯಿತು. ದುಡ್ಡು ಕೊಡುವ ಮಾತು ಬಂದಾಗ ಮೆಕ್ಯಾನಿಕ್‌ಗಳೇ ಬೇಡ ಅಂದರು. ದುಡ್ಡಿಟ್ಟರೆ ಎಲ್ಲರೂ ಎಣಿಸುವುದಕ್ಕೇ ನಿಲ್ಲುತ್ತಾರೆ, ಗುಣ ಹೋಗುತ್ತದೆ ಅನ್ನುವುದು ಅವರ ವಾದ. ಉಪಾಯದ ಜೊತೆ ಅದನ್ನು ಕಂಡುಹಿಡಿದವರ ಹೆಸರು ಹಾಕಿ, ಸಾಕು ಅಂದರು. ಸರಿಯೋ ತಪ್ಪೋ ನೋಡುತ್ತಿದ್ದದ್ದೂ ಅವರ ಜೊತೆಯ ಮೆಕ್ಯಾನಿಕ್‌ಗಳೇ.

ಹೆಸರು ಸಣ್ಣ ವಿಷಯ ಅಲ್ಲ. ಕೇಳುವವರಿಗೂ ಅದು ಬೇಕು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಡಿಜಿಟಲ್ ಗ್ರೀನ್ ಅನ್ನುವ ಪ್ರಯೋಗ ಶುರುವಾಯಿತು. ರೈತರು ತಮ್ಮ ಹೊಲದಲ್ಲಿ ಮಾಡುವುದನ್ನು ವಿಡಿಯೊ ಮಾಡಿ, ಕರ್ನಾಟಕದ ಹಳ್ಳಿಗಳಲ್ಲಿ ಸಂಜೆ ಹೊತ್ತು ಬೇರೆ ರೈತರಿಗೆ ತೋರಿಸುವುದು. ನೋಡಿದವರು ಮೊದಲು ಕೇಳುತ್ತಿದ್ದದ್ದು ಗೊಬ್ಬರದ ಪ್ರಮಾಣವನ್ನಲ್ಲ. ಇವರ ಹೆಸರೇನು, ಯಾವ ಊರಿನವರು? ಅಷ್ಟು ತಿಳಿದ ಮೇಲೆ ಉಳಿದದ್ದು. ನಾವೂ ಹಾಗೇ ಅಲ್ವಾ? ಔಷಧಿ, ಮೇಸ್ತ್ರಿ, ಸ್ಕೂಲು, ಏನೇ ಆಗಲಿ, ಹೇಳಿದವರು ಯಾರು ಅಂತ ಕೇಳದೆ ಯಾವುದನ್ನು ನಂಬಿದ್ದೇವೆ?

ಪೀಣ್ಯದ ಆ ಶೀಟಿನಲ್ಲಿ ಹದಿನಾಲ್ಕನೇ ಕಾಲಮ್ಮು, "ಮಾಹಿತಿಯ ಮೂಲ". ಅದರಲ್ಲಿ "ಮೇಂಟೆನೆನ್ಸ್ ವಿಭಾಗ" ಅಂತ ಹಾಕಿ ಅಂದರು ಮ್ಯಾನೇಜರ್. ನಾನು ಒಪ್ಪಲಿಲ್ಲ. ವಿಭಾಗಕ್ಕೆ ಕಿವಿ ಇಲ್ಲ ಸರ್, ಇವರಿಗಿದೆ ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು. ಅವರು ಸುಮ್ಮನಾದರು. ಜೊತೆಗೆ, ಬೇರೆ ಶಿಫ್ಟಿನಲ್ಲಿದ್ದ ಐಟಿಐ ಹುಡುಗನನ್ನು ಉಳಿದ ದಿನಗಳಿಗೆ ಇವರ ಶಿಫ್ಟಿಗೇ ಹಾಕಿ ಅಂತ ಕೇಳಿದೆ. ಪ್ರೊಡಕ್ಷನ್‌ಗೆ ತೊಂದರೆ ಆಗುತ್ತದೆ ಅಂತ ನಾಲ್ಕೇ ದಿನ ಕೊಟ್ಟರು. ನಾಲ್ಕು ದಿನ! ಅದಕ್ಕಿಂತ ಒಂದು ವರ್ಷ ಮೊದಲೇ ಆ ಹುಡುಗ ಅಲ್ಲಿ ನಿಂತಿರಬೇಕಿತ್ತು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಕಡೆಯ ದಿನಕ್ಕೆ ಎರಡು ದಿನ ಇದ್ದಾಗ ಶೀಟನ್ನು ಪ್ರಿಂಟ್ ತೆಗೆದು ಫಿಟ್ಟರ್ ಕೈಗೆ ಕೊಟ್ಟೆ. ಅಲ್ಲಿಯವರೆಗೆ ನಾನು ಕೇಳಿದ್ದಕ್ಕೆಲ್ಲ "ಹೌದು ಮೇಡಂ", "ಅಷ್ಟೇ ಮೇಡಂ" ಅನ್ನುತ್ತಿದ್ದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಕಡೆಯ ಕಾಲಮ್ಮಿನಲ್ಲಿ ತಮ್ಮ ಹೆಸರು ಕಂಡಿತು. ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇನಿಷಿಯಲ್ ತಪ್ಪಾಗಿದೆ ಮೇಡಂ, ಸರಿ ಮಾಡಿ. ಆಮೇಲೆ ಇಲ್ಲಿ ನೋಡಿ, ಟ್ಯಾಂಕಲ್ಲಿ ಸೇರೋ ನೀರನ್ನ ದಿನಕ್ಕೊಂದು ಸಲ ಹೊರಗೆ ಬಿಡಬೇಕು ಅಂತ ಬರ್ದಿದೀರ. ಬುಕ್ಕಲ್ಲಿ ಹಂಗೇ ಇದೆ. ಮಳೆಗಾಲದಲ್ಲಿ ಅದು ಸಾಲಲ್ಲ, ಶಿಫ್ಟಿಗೊಂದು ಸಲ ಬಿಡ್ಬೇಕು. ನನ್ನ ಹೆಸರು ಹಾಕಿ ತಪ್ಪು ಬರೆದ್ರೆ ಹೆಂಗೆ?" ಹುಡುಗನನ್ನು ಕೂಗಿ ಕರೆದರು. ಮೂವರೂ ಒಳಗೆ ಹೋದೆವು. ಆವತ್ತು ಅವರು ಮುಕ್ಕಾಲು ಗಂಟೆ ನಿಲ್ಲಿಸದೆ ಮಾತಾಡಿದರು.