ಫ್ಯಾಕ್ಟರಿಗೆ ಬಾ, ಮಾತಾಡೋಣು

"ಸಾಹೇಬ್ರ, ಕಬ್ಬಿನ ಬಿಲ್ಲು ಯಾವಾಗ ಬರ್ತೈತ್ರೀ?"

ಕಾಕಾ ಕೇಳಿದ್ದು ಇಷ್ಟೇ. ದನಿಯಲ್ಲಿ ಜಗಳ ಇರಲಿಲ್ಲ. ಮುಂದಿನ ಬಸ್ಸು ಯಾವಾಗ ಅಂತ ಕೇಳೋ ಹಾಗೆ ಕೇಳಿದ. ಗುಡಿ ಕಟ್ಟೆ ಇಳಿಯುತ್ತಿದ್ದ ಶಾಸಕರು ನಿಂತರು. ಲೋಕಸಭೆಗೆ ಸ್ಪರ್ಧಿಸಿದ್ದಾರೆ, ಸೋಮವಾರ ನಮ್ಮೂರಿಗೆ ಪ್ರಚಾರಕ್ಕೆ ಬಂದಿದ್ದರು. ಕೊರಳಲ್ಲಿ ಹಾರ, ಕೈ ತುಂಬ ಭಂಡಾರದ ಅರಿಶಿನ. ಅದೇ ಕೈಯನ್ನು ಕಾಕಾನ ಹೆಗಲ ಮೇಲಿಟ್ಟು ನಕ್ಕರು.

"ಅದು ಫ್ಯಾಕ್ಟರಿ ವಿಷಯ ಅಜ್ಜಾ. ಇಲ್ಲಿ ನಾ ಓಟು ಕೇಳಾಕ ಬಂದೀನಿ. ಫ್ಯಾಕ್ಟರಿಗೆ ಬಾ, ಮಾತಾಡೋಣು."

"ಫ್ಯಾಕ್ಟರಿಗೆ ಹೋದ್ರ, ಸಾಹೇಬ್ರು ಓಟು ಕೇಳಾಕ ಹೋಗ್ಯಾರ ಅಂತಾರ್ರೀ."

ಎಲ್ಲರೂ ನಕ್ಕರು. ಶಾಸಕರೂ ನಕ್ಕರು. ಹಲಗೆ ಮತ್ತೆ ಶುರುವಾಯ್ತು, ಗಾಡಿಗಳು ಮುಂದಿನ ಓಣಿಗೆ ಹೊರಟವು. ಕಾಕಾನ ಬಿಳಿ ಅಂಗಿಯ ಮೇಲೆ ನಾಲ್ಕು ಬೆರಳಿನ ಹಳದಿ ಗುರುತು ಹಾಗೇ ಉಳೀತು.

ಬೆಳಗಾವಿಗೆ ವಾಪಸ್ ಬಂದರೂ ಈ ಮಾತು ತಲೆಯಿಂದ ಹೋಗ್ತಾ ಇಲ್ಲ. ಆಫೀಸಿನಲ್ಲಿ ಊಟಕ್ಕೆ ಕೂತಾಗ ಗೆಳೆಯರಿಗೆ ಹೇಳಿದೆ, ಅವರೂ ನಕ್ಕರು. ಕಾಕಾ ನಗಿಸೋಕೆ ಹೇಳಿದ್ದಲ್ಲ. ಫ್ಯಾಕ್ಟರಿ ಗೇಟಿನಲ್ಲಿ ನಿಜವಾಗಿ ಹಾಗೇ ಹೇಳಿ ಕಳಿಸಿದ್ದರು.

ಹೆಸರು ಬೇಡ. ಘಟಪ್ರಭಾ ದಂಡೆಯಲ್ಲಿ ಶಾಸಕರಿಗೆ ಸಕ್ಕರೆ ಫ್ಯಾಕ್ಟರಿ ಇರೋದು ಸುದ್ದಿಯೇ ಅಲ್ಲ, ಪಕ್ಷ ಯಾವುದೇ ಇರಲಿ. ಈ ಮನುಷ್ಯ ಕೆಟ್ಟವರೂ ಅಲ್ಲ ಬಿಡಿ. ಒಮ್ಮೆ ಕೇಳಿದ ಹೆಸರು ಮರೆಯೋದಿಲ್ಲ, ಸತ್ತವರ ಮನೆಗೆ ಮೊದಲು ಬಂದು ಕೂರೋರು ಅವರೇ, ನಮ್ಮೂರಿನ ಎಷ್ಟೋ ಹುಡುಗರು ಹೊಟ್ಟೆ ಹೊರೆಯೋದು ಅವರ ಫ್ಯಾಕ್ಟರಿಯಿಂದಲೇ. ನನ್ನ ಚಿಕ್ಕಪ್ಪನ ಮಗ ಅಲ್ಲಿ ತೂಕದ ಮನೆಯಲ್ಲಿದ್ದಾನೆ. ಸೋಮವಾರ ಶಲ್ಯ ಹಾಕ್ಕೊಂಡು ಎಲ್ಲರಿಗಿಂತ ಮುಂದೆ ಕೂಗ್ತಿದ್ದವನು ಅವನೇ. ಅವನದ್ದೂ ಎರಡು ಎಕರೆ ಕಬ್ಬಿನ ಬಿಲ್ಲು ಬಾಕಿ ಇದೆ!

ಕಾಕಾನ ಕಬ್ಬು ಹೋಗಿದ್ದು ಜನವರಿಯಲ್ಲಿ. ಮೊದಲ ಕಂತು ಬಂತು, ಉಳಿದದ್ದು ಇಲ್ಲ. ಕಾನೂನು ಏನು ಹೇಳುತ್ತೆ ಗೊತ್ತಾ? 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಆ ಬಡ್ಡಿ ಕೈಗೆ ಬಂದವರನ್ನು ನಾನಂತೂ ನಮ್ಮೂರಲ್ಲಿ ನೋಡಿಲ್ಲ. ಅದೇ ಶಾಸಕರು ಲೋಕಸಭೆಗೆ ಗೆದ್ದರು ಅಂದುಕೊಳ್ಳಿ. ಗೆಜೆಟ್‌ನಲ್ಲಿ ಹೆಸರು ಬಂದ 14 ದಿನದೊಳಗೆ ವಿಧಾನಸಭೆಗೆ ರಾಜೀನಾಮೆ ಕೊಡಬೇಕು, ಇಲ್ಲದಿದ್ದರೆ ದಿಲ್ಲಿ ಸೀಟು ತಾನಾಗೇ ಹೋಗುತ್ತೆ. ಅಲ್ಲೂ 14 ದಿನ, ಇಲ್ಲೂ 14 ದಿನ. ರಾಜೀನಾಮೆಯ ಗಡುವು ಮಾತ್ರ ಯಾರೂ ಮರೆಯೋದಿಲ್ಲ ನೋಡಿ.

ಇನ್ನು ಅಫಿಡವಿಟ್. ನಾಮಪತ್ರದ ಜೊತೆ ನಮೂನೆ 26ರಲ್ಲಿ ಆಸ್ತಿ, ಸಾಲ, ಕಾರು, ಚಿನ್ನ ಎಲ್ಲ ಬರೆದುಕೊಡಬೇಕಲ್ವಾ, ಅದನ್ನು ಮೊನ್ನೆ ರಾತ್ರಿ ಕೂತು ಪೂರ್ತಿ ಓದಿದೆ. ಹೆಂಡತಿಯ ಬಳೆಯ ತೂಕದವರೆಗೂ ಇದೆ. ಕಂಪನಿ ಷೇರು ಎಷ್ಟು ಅಂತ ಇದೆ. ಆದರೆ ಕಾಕಾನ ಬಾಕಿ ಅದರಲ್ಲಿ ಎಲ್ಲೂ ಕಾಣೋದಿಲ್ಲ, ಯಾಕಂದ್ರೆ ಅದು ಕಂಪನಿಯ ಸಾಲ, ಅವರದ್ದಲ್ಲ. ಕಾನೂನಿನ ಪ್ರಕಾರ ಸರಿಯೇ. "ಅದು ಫ್ಯಾಕ್ಟರಿ ವಿಷಯ ಅಜ್ಜಾ." ಅವರು ಸುಳ್ಳು ಹೇಳಿರಲಿಲ್ಲ, ಅದೇ ಜಾಸ್ತಿ ಚುಚ್ಚುತ್ತೆ.

ಫ್ಯಾಕ್ಟರಿಯವರ ಕಷ್ಟ ಸುಳ್ಳು ಅನ್ನೋದಿಲ್ಲ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರಲ್ಲಿ ಕೆಜಿಗೆ 31 ರೂಪಾಯಿ ಮಾಡಿದರು, ಅದು ವರ್ಷಗಟ್ಟಲೆ ಅಲ್ಲೇ ನಿಂತಿತು. ಆದರೆ ಫ್ಯಾಕ್ಟರಿ ರೈತನಿಗೆ ಕೊಡಲೇಬೇಕು ಅಂತ ಕೇಂದ್ರ ಗೊತ್ತು ಮಾಡೋ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ 2018-19ರಲ್ಲಿ ಟನ್‌ಗೆ 2,750 ಇದ್ದದ್ದು 2023-24ಕ್ಕೆ 3,150 ಆಯಿತು. (ಹಾಗೆ ಏರಿಸುತ್ತಲೇ, ಆ ದರ ಸಿಗೋಕೆ ಕಬ್ಬಿನಿಂದ ಬರಬೇಕಾದ ಸಕ್ಕರೆ ಇಳುವರಿಯ ಲೆಕ್ಕವನ್ನು ಶೇ 10ರಿಂದ 10.25ಕ್ಕೆ ತಳ್ಳಿದರು, ಆ ಪೆಟ್ಟು ಬಿದ್ದಿದ್ದು ರೈತನಿಗೆ.) 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡೋದಕ್ಕೆ ಒಮ್ಮೆಲೇ ಕಡಿವಾಣ ಬಿತ್ತು. ಎಫ್‌ಆರ್‌ಪಿ, ಸಕ್ಕರೆ ದರ, ಎಥೆನಾಲ್, ರಫ್ತು, ಎಲ್ಲದರ ಬೀಗದ ಕೈ ಇರೋದು ದಿಲ್ಲಿಯಲ್ಲಿ. ಬೆಂಗಳೂರಿನಲ್ಲಿ ಶಾಸಕರಾಗಿ ಕೂತು ಇದನ್ನೆಲ್ಲ ಅಲ್ಲಾಡಿಸೋಕೆ ಆಗಲ್ಲ. ಹಾಗಾಗಿ ಫ್ಯಾಕ್ಟರಿ ಮಾಲೀಕರಿಗೆ ದಿಲ್ಲಿಗೆ ಹೋಗೋ ಆಸೆ ಬರೋದು ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ಆದರೆ ಎಫ್‌ಆರ್‌ಪಿ ಏರಿಸಬೇಕಾ ಬೇಡವಾ ಅನ್ನೋ ಮಾತು ಅಲ್ಲಿ ಬಂದ ದಿನ ಇವರು ಯಾರ ಪರ ಎದ್ದು ನಿಲ್ತಾರೆ? ನಮ್ಮ ಕಬ್ಬು ಕೊಳ್ಳೋರೂ ಇವರೇ, ನಮ್ಮ ಪರವಾಗಿ ದರದ ಚೌಕಾಸಿ ಮಾಡ್ತೀನಿ ಅಂತ ಓಟು ಕೇಳೋರೂ ಇವರೇ. ಇದನ್ನು ಕಟ್ಟೆಯ ಮೇಲೆ ಯಾರೂ ಕೇಳಲಿಲ್ಲ. ಗುಡಿಗೆ ಎಷ್ಟು ಕೊಟ್ಟರು, ಗಾಡಿಗಳಿಗೆ ಡೀಸೆಲ್ ಯಾರು ಹಾಕಿಸಿದರು, ಚುನಾವಣಾ ಖರ್ಚಿನ 95 ಲಕ್ಷದ ಮಿತಿ ಎರಡು ದಿನಕ್ಕೆ ಸಾಲುತ್ತಾ, ಬರೀ ಇದೇ ಮಾತು.

ಕಾಕಾ ಓಟು ಅವರಿಗೇ ಹಾಕ್ತಾನಂತೆ. ಯಾಕೋ ಅಂದರೆ, "ಸೋತ್ರ ಎಲೆಕ್ಷನ್ ಖರ್ಚೆಲ್ಲಾ ನಮ್ಮ ಬಿಲ್ಲಿನಾಗ ಮುರೀತಾರ" ಅಂದ. ಗೆದ್ದರೆ ಮುರಿಯಲ್ವಾ ಅಂತ ಕೇಳಿದೆ. ತಂಬಾಕು ತಿಕ್ಕುತ್ತಾ ಸುಮ್ನೆ ಕೂತ.

ಗೆದ್ದರೆ ಇನ್ನೊಂದಿದೆ. ವಿಧಾನಸಭೆ ಸೀಟು ಖಾಲಿಯಾಗುತ್ತೆ, ಆರು ತಿಂಗಳೊಳಗೆ ಉಪಚುನಾವಣೆ. ಚಿಕ್ಕೋಡಿಯಲ್ಲಿ 2014ರಲ್ಲಿ ಪ್ರಕಾಶ ಹುಕ್ಕೇರಿ ಲೋಕಸಭೆಗೆ ಹೋದಾಗ ಆಗಸ್ಟ್‌ನ ಉಪಚುನಾವಣೆಯಲ್ಲಿ ಮಗ ಗಣೇಶ ಹುಕ್ಕೇರಿ ಗೆದ್ದರು. ತಪ್ಪೇನಿಲ್ಲ, ಜನ ಓಟು ಹಾಕಿದ್ದಾರೆ. ನಮ್ಮೂರಲ್ಲೂ ಲೆಕ್ಕ ಆಗಲೇ ಮುಗಿದಿದೆ. ಸಾಹೇಬರ ಮಗ ಈಗಿನಿಂದಲೇ ಓಣಿ ಓಣಿ ತಿರುಗಿ ಪರಿಚಯ ಮಾಡ್ಕೊಳ್ತಿದ್ದಾರೆ ಅಂತ ತೂಕದ ಮನೆಯ ತಮ್ಮ ಹೆಮ್ಮೆಯಿಂದ ಹೇಳಿದ. ಫ್ಯಾಕ್ಟರಿಯಲ್ಲಿ ಅವರು ಡೈರೆಕ್ಟರ್. ಕಬ್ಬಿನ ಬಿಲ್ಲಿಗೆ ಸಹಿ ಹಾಕೋದು ಅವರೇ ಅಂತೆ.